ಐದನೇ ರೀಲಿನ ಮೇಷ್ಟ್ರು

ಡ್ರಿಲ್ ಮೇಷ್ಟ್ರು ಹೋದರು ಅಂತ ಅವರ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ ಹೇಳಿದ. ಫೋನಿಟ್ಟ ಮೇಲೆ ನನಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ಅಳು ಆಮೇಲೆ ಬಂತು, ಅದೂ ಸ್ವಲ್ಪವೇ. ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ, "ಯಾರ್ದು ಫೋನು? ಯಾಕೆ ಮಖ ಹಂಗ್ ಮಾಡ್ಕೊಂಡೀರಿ?" ಅಂದಳು. ಹೇಳಿದೆ. ಅವಳಿಗೆ ಅರ್ಧ ಕತೆ ಗೊತ್ತು. ಇನ್ನರ್ಧ ಈವರೆಗೆ ಯಾರಿಗೂ ಗೊತ್ತಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಅಂತಲೇ ಇಟ್ಟುಕೊಳ್ಳಿ. ಚನ್ನಗಿರಿಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು, ಎಪ್ಪತ್ತರ ದಶಕದ ಮಾತು. ನಾನು ಆಗ ಅದೇ ಊರಿನ ಟಾಕೀಸಿನಲ್ಲಿ ಆಪರೇಟರ್. ಟಾಕೀಸು ಅಂದರೆ ದೊಡ್ಡದೇನಲ್ಲ, ತಗಡಿನ ಶೆಡ್ಡು. ನಮ್ಮ ಸಾವ್ಕಾರ್ರಿಗೆ ಚನ್ನಗಿರಿಯಲ್ಲಿ ಈ ಶೆಡ್ಡು, ಹೊನ್ನಾಳಿಯಲ್ಲಿ ಒಂದು ಟೆಂಟು, ನ್ಯಾಮತಿಯಲ್ಲಿ ಇನ್ನೊಂದು ಟೆಂಟು ಇದ್ದವು. ಹೊಸ ಸಿನಿಮಾ ಬಂದರೆ ನಾನೇ ರೀಲಿನ ಡಬ್ಬಿಗಳ ಜೊತೆ ಬಸ್ಸಿನಲ್ಲಿ ಊರಿಂದೂರಿಗೆ ತಿರುಗಬೇಕಿತ್ತು. ನಮ್ಮ ತಂದೆ, ಅಬ್ಬಾ, ದರ್ಜಿ ಕೆಲಸ ಕಲಿ ಅಂದಿದ್ದರು. ಕತ್ತರಿ ಹಿಡಿಯುವ ಕೆಲಸ ಬೇಡ ಅಂತ ನಾನು ಟಾಕೀಸಿಗೆ ಸೇರಿದೆ. ಅಲ್ಲೂ ಕತ್ತರಿಯೇ ಕೈಗೆ ಬಂತು, ನಸೀಬು ನೋಡಿ.

ಮೇಷ್ಟ್ರು ನನಗೆ ಪರಿಚಯವಾದದ್ದು ಒಂದು ವಿಷಲ್‌ನಿಂದ. ಯಾವುದೋ ಹಿಂದಿ ಸಿನಿಮಾ ನಡೆಯುತ್ತಿತ್ತು. ಹೀರೋ ಶ್ರೀಮಂತನ ಮಗ, ಕಾಲೇಜಿನ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲನ್ನು ಮಗುವಿನ ಹಾಗೆ ಅವುಚಿಕೊಂಡು ಓಡಿ ಹೋಗಿ ಬುಟ್ಟಿಗೆ ಹಾಕುತ್ತಾನೆ, ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಅಷ್ಟರಲ್ಲಿ ಶೆಡ್ಡಿನೊಳಗೆ ಪೊಲೀಸ್ ವಿಷಲ್ಲಿನಂಥ ಸದ್ದು ಉದ್ದಕ್ಕೆ ಕೇಳಿತು. ನಾನು ಹೆದರಿ ಮಿಷಿನ್ ನಿಲ್ಲಿಸಿ ಲೈಟ್ ಹಾಕಿಸಿದೆ. ಜನ ಎದ್ದು ನಿಂತರು. ನಡುವೆ ಒಬ್ಬ ತೆಳ್ಳನೆಯ ಉದ್ದನೆಯ ಮನುಷ್ಯ, ಕೊರಳಲ್ಲಿ ವಿಷಲ್, ಮುಖವೆಲ್ಲ ಸಂಕೋಚ.

"ತಪ್ಪು ತಿಳೀಬ್ಯಾಡ್ರಿ. ಚೆಂಡು ಪುಟಿಸದಂಗೆ ಆರು ಹೆಜ್ಜೆ ಓಡಿದ ಅವ್ನು. ಎರಡರ ಮೇಲೆ ಓಡಂಗಿಲ್ಲ. ಅಭ್ಯಾಸ ಬಲ ನೋಡ್ರಿ, ಕೈ ತಾನಾಗೇ ವಿಷಲ್‌ಗೆ ಹೋತು" ಅಂದರು.

ಇಡೀ ಶೆಡ್ಡು ನಕ್ಕಿತು. ಅವತ್ತಿನ ನಗು ಒಳ್ಳೆಯ ನಗು. ಆಮೇಲೆ ಎಲ್ಲಿ ಕಂಡರೂ ಹುಡುಗರು, "ಮೇಷ್ಟ್ರೆ, ಹೀರೋನ ಔಟ್ ಮಾಡಿದ್ರಿ ಬಿಡ್ರಿ" ಅನ್ನುತ್ತಿದ್ದರು. ಅವರೂ ನಗುತ್ತಿದ್ದರು.

ಅವತ್ತಿನಿಂದ ನಮಗೆ ಸ್ನೇಹ. ಬ್ಯಾಸ್ಕೆಟ್‌ಬಾಲ್ ಇರುವ ಸಿನಿಮಾ ಯಾವುದು ಬಂದರೂ ನಾನು ಮುಂಚೆಯೇ ಹೇಳಿ ಕಳಿಸುತ್ತಿದ್ದೆ. ಆ ಕಾಲಕ್ಕೆ ಅಂಥ ಸಿನಿಮಾಗಳಿಗೆ ಬರವಿರಲಿಲ್ಲ. ಹಿಂದಿಯಾಗಲಿ ಕನ್ನಡವಾಗಲಿ, ಹೀರೋ ಕಾಲೇಜಿಗೆ ಹೋಗುತ್ತಾನೆ ಅಂತ ತೋರಿಸಲು ಒಂದು ಮೋಟರ್‌ಸೈಕಲ್ಲು ಬೇಕು, ಇಲ್ಲವೇ ಈ ಕೆಂಪು ಚೆಂಡು ಬೇಕು. ಆಟ ಪೂರ್ತಿ ತೋರಿಸುತ್ತಿರಲಿಲ್ಲ. ಹೀರೋ ಎಸೆಯುತ್ತಾನೆ, ಚೆಂಡು ಬೀಳುತ್ತದೆ, ಹೀರೋಯಿನ್ನು ಕಣ್ಣರಳಿಸುತ್ತಾಳೆ. ತಪ್ಪಿದ್ದು ಅನ್ನುವುದೇ ಇಲ್ಲ. ಮೇಷ್ಟ್ರು ನನ್ನ ಕ್ಯಾಬಿನ್ನಿನ ಕಿಂಡಿಯ ಕೆಳಗಿನ ಬೆಂಚಿನ ತುದಿಯಲ್ಲಿ ಕೂತು ಗೊಣಗುತ್ತಿದ್ದರು. "ಎರಡು ಕೈಲಿ ಪುಟಿಸ್ತಾನೆ ಹಡಬೆ ನನ್ಮಗ. ಆಪರೇಟ್ರೆ, ಒಂದ್ ವಿಚಾರ ಗಮನ್ಸೀರಾ? ಸಿನಿಮಾದಾಗೆ ಈ ಚೆಂಡು ಹಿಡಿದೋನು ಕಾರ್‌ನಾಗೇ ಬರ್ತಾನೆ. ನಮ್ಮ ಹುಡುಗ್ರು ನಡ್ಕೊಂಡು ಬರ್ತಾರೆ. ಅಷ್ಟೇ ಫರಕು."

ಅವರ ಹುಡುಗರು ನಿಜಕ್ಕೂ ನಡೆದೇ ಬರುತ್ತಿದ್ದರು, ಕೆಲವರು ಬರಿಗಾಲಲ್ಲಿ. ಶಾಲೆಯ ಅಂಗಳದಲ್ಲಿ ಮೇಷ್ಟ್ರು ಎರಡು ಕಂಬ ನೆಟ್ಟಿದ್ದರು. ರಿಂಗು ಅಂದರೆ ಡಾಂಬರು ಡ್ರಮ್ಮಿನ ಬಾಯಿಯ ಕಬ್ಬಿಣದ ಬಳೆ. ಬಲೆ ಸೂಳೆಕೆರೆಯ ಮೀನುಗಾರರು ಹೆಣೆದುಕೊಟ್ಟದ್ದು. ಮಾಸಿದ ಬಲೆಯಲ್ಲಿ ಮೀನಿನ ವಾಸನೆ ಹೋಗಿರಲೇ ಇಲ್ಲ, ಚೆಂಡಿಗೂ ಹತ್ತಿತ್ತು. ಅಡಿಕೆ ಸುಗ್ಗಿಯಲ್ಲಿ ಶಾಲಾ ಕಮಿಟಿಯವರು ಅದೇ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವುತ್ತಿದ್ದರು. ಆಗ ಮೇಷ್ಟ್ರು ಹುಡುಗರನ್ನು ರಸ್ತೆಯಂಚಿಗೆ ಕರೆದೊಯ್ದು ಚೆಂಡಿಲ್ಲದೆ ಆಡಿಸುತ್ತಿದ್ದರು. ಹದಿನೈದು ಹುಡುಗರು ಬರಿಗೈಯಲ್ಲಿ ಗಾಳಿ ಪುಟಿಸುತ್ತ, ಗಾಳಿಯನ್ನೇ ಒಬ್ಬರಿಗೊಬ್ಬರು ಎಸೆಯುತ್ತ ಓಡುವುದನ್ನು ನೋಡಿ ದಾರಿಹೋಕರು ನಿಲ್ಲುತ್ತಿದ್ದರು. "ಚೆಂಡು ಯಾವತ್ತಾದ್ರೂ ಸಿಗ್ತೈತೆ. ಕಾಲು ಮೊದ್ಲು ಕಲೀಬೇಕು" ಅನ್ನುವುದು ಮೇಷ್ಟ್ರ ಮಾತು.

ಎತ್ತರದ ಹುಡುಗರನ್ನು ಕಂಡರೆ ಅವರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಸಂತೆಯಲ್ಲಿ ಈರುಳ್ಳಿ ಮಾರುವವನ ಮಗನಿಗೂ, "ಕೈ ಮ್ಯಾಲೆತ್ತು ನೋಡಾನ" ಅನ್ನುವರು. ನನಗೂ ಒಮ್ಮೆ ಎತ್ತಿಸಿದರು. ನೋಡಿ, "ಕೈ ಉದ್ದ ಐತೆ ಆಪರೇಟ್ರೆ, ಆಳೇ ಕಮ್ಮಿ ಬಿದ್ದೀರಿ" ಅಂದರು.

ಒಂದು ಬೇಸಗೆ ರಜೆ ಮುಗಿಸಿ ಬಂದವರು ನೇರ ನನ್ನ ಕ್ಯಾಬಿನ್ನಿಗೆ ಹತ್ತಿ ಬಂದರು. ಬಾಗಿಲು ಮುಂದಕ್ಕೆ ಮಾಡಿ ಮೆತ್ತಗೆ, "ಒಂದು ಮಾತು ಹೇಳ್ತೀನಿ, ನಗಬಾರ್ದು" ಅಂದರು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಸಿನಿಮಾದ ಶೂಟಿಂಗ್ ನಡೆದಿತ್ತಂತೆ. ಹೀರೋಗೆ ಚೆಂಡು ಬುಟ್ಟಿಗೆ ಹಾಕಲು ಬರಲಿಲ್ಲ, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಎಸೆದರೂ ಬೀಳಲಿಲ್ಲ. ಕಾಲೇಜಿನವರಿಗೆ ಹಳೆಯ ಆಟಗಾರ ಮೇಷ್ಟ್ರ ನೆನಪಾಗಿ ಕರೆಸಿದರು. ಹೀರೋನ ಅಂಗಿಯನ್ನೇ ಇವರಿಗೆ ತೊಡಿಸಿ, ಬೆನ್ನು ಮಾತ್ರ ಕಾಣುವಂತೆ ನಿಲ್ಲಿಸಿ ಎಸೆಸಿದರಂತೆ. ಆಮೇಲೆ ಎದುರು ತಂಡಕ್ಕೆ ಒಬ್ಬ ಕಡಿಮೆಯಾದ ಅಂತ ಬೇರೆ ಅಂಗಿ ತೊಡಿಸಿ ಅಲ್ಲೂ ಆಡಿಸಿದರು. ಅಲ್ಲಿ ಹೀರೋ ಇವರನ್ನು ದಾಟಿ ಹೋಗುತ್ತಾನೆ, ಇವರು ಬೀಳುತ್ತಾರೆ, ಎದ್ದು ನಗುತ್ತಾರೆ. ಅಲ್ಲಿ ಮುಖ ಪೂರ್ತಿ ಬರುತ್ತದೆ.

"ಗೆದ್ದೋನೂ ನಾನೇ, ಸೋತೋನೂ ನಾನೇ ಆಪರೇಟ್ರೆ" ಅಂದರು. ಕಣ್ಣಲ್ಲಿ ಎಳೆ ಮಗುವಿನ ಖುಷಿ.

ನನಗೆ ಮಾತ್ರ ಹೇಳಿದ್ದರೆ ಚೆನ್ನಾಗಿತ್ತು. ಹೆಂಡತಿಗೆ ಹೇಳಿದರು, ಹುಡುಗರಿಗೆ ಹೇಳಿದರು, ಅವರ ಬಾಯಿಂದ ಊರಿಗೇ ಹಬ್ಬಿತು. ಕಮಿಟಿಯ ಅಧ್ಯಕ್ಷರು, "ಸಿನಿಮಾದಾಗೆ ನಮ್ಮ ಮೇಷ್ಟ್ರು ಆಡಿದ್ದು ಖರೇ ಅಂದ್ರೆ, ಅಂಗಳಕ್ಕೆ ಸಿಮೆಂಟ್ ನಾನೇ ಹಾಕಿಸ್ತೀನಿ" ಅಂದುಬಿಟ್ಟರು. ಕೆಲವರು ನಂಬಿದರು, ಕೆಲವರು ಬಾಯಿ ಮುಚ್ಚಿಕೊಂಡು ನಕ್ಕರು. ಎಲ್ಲರೂ ಸಿನಿಮಾ ಬರಲಿ ಅಂತ ಕಾದರು.

ದಾವಣಗೆರೆಯಲ್ಲಿ ಅದು ಒಂದೇ ವಾರ ಓಡಿತು. ಹೋಗಿ ನೋಡಿ ಬರಲು ಮೇಷ್ಟ್ರಿಗೆ ಕಷ್ಟವೇನಿರಲಿಲ್ಲ. "ಹುಡುಗ್ರನ್ನ ಬಿಟ್ಟು ನಾನೊಬ್ನೇ ನೋಡಿದ್ರೆ ಕದ್ದು ತಿಂದಂಗೆ ಆಗ್ತೈತೆ" ಅಂತ ಹೋಗಲಿಲ್ಲ. ಊರಿಂದ ಹೋಗಿ ನೋಡಿ ಬಂದ ಒಂದಿಬ್ಬರಿಗೆ ಹಾಡು ನೆನಪಿತ್ತು, ಆಟ ನೆನಪಿರಲಿಲ್ಲ. ನಮ್ಮ ಕಡೆಗೆ ರೀಲು ಬರುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು.

ಮೊದಲು ಹೊನ್ನಾಳಿ ಟೆಂಟಿಗೆ ಬಂತು. ಆಟದ ಸೀನು ಐದನೇ ರೀಲಿನಲ್ಲಿ, ನಾಲ್ಕೈದು ನಿಮಿಷದ್ದು. ಆ ಜನ ಈ ಆಟವನ್ನು ಕಂಡವರೇ ಅಲ್ಲ. "ಬುಟ್ಟಿಗೆ ತಳನೇ ಇಲ್ವಲ್ರೋ, ಎಷ್ಟ್ ಹಾಕಿದ್ರೆ ಏನ್ ಬಂತು?" ಅಂತ ಒಬ್ಬ ಕೂಗಿದ. ಉಳಿದವರು ಸಿಳ್ಳೆ ಹಾಕಿದರು. ನ್ಯಾಮತಿಯಲ್ಲಿ ಇನ್ನೂ ಕೆಟ್ಟಿತು. ಸೂರಗೊಂಡನಕೊಪ್ಪದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದವರು ಆಟ ಶುರುವಾಗುತ್ತಲೇ ಬೀಡಿ ಹಚ್ಚಲು ಹೊರಗೆದ್ದು ಹೋದರು. ವಾಪಸ್ ಬಂದು, ಮುಂದಿನ ಸೀನು ತಪ್ಪಿತು, ತಿರುಗಿ ಹಾಕು ಅಂತ ಗಲಾಟೆ ಮಾಡಿದರು.

ಸಾವ್ಕಾರ್ರು ಸಿಟ್ಟಿನಿಂದ, "ಆ ಬುಟ್ಟಿ ಆಟ ತಗುದ್ ಹಾಕಲೇ" ಅಂದರು.

ಸೆನ್ಸಾರಾದ ಸಿನಿಮಾಕ್ಕೆ ಕತ್ತರಿ ಹಾಕುವುದು ಅಪರಾಧ, ಲೈಸೆನ್ಸ್ ಹೋಗುತ್ತದೆ. ಆದರೂ ಟೆಂಟಿನವರೆಲ್ಲ ಹಾಕುತ್ತಿದ್ದರು. ಬೇಡದ ಭಾಗವನ್ನು ಕತ್ತರಿಸಿ, ಎರಡು ತುದಿಗಳನ್ನು ಬ್ಲೇಡಿನಿಂದ ಕೆರೆದು ಅಂಟು ಹಚ್ಚಿ ಕೂಡಿಸುವುದು, ತೆಗೆದ ತುಂಡನ್ನು ಡಬ್ಬದಲ್ಲಿಟ್ಟು, ರೀಲು ವಾಪಸ್ ಕಳಿಸುವ ಮುಂಚೆ ಮತ್ತೆ ಸೇರಿಸುವುದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಮೇಷ್ಟ್ರ ನೆನಪು ಬರಲಿಲ್ಲ ಅಂತ ಹೇಳಲಾರೆ. ಬಂತು. ಚನ್ನಗಿರಿಗೆ ಹೋದ ಮೇಲೆ ಸೇರಿಸಿದರಾಯಿತು, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಕತ್ತರಿಸುವ ಜಾಗದಲ್ಲಿ ಮೊಳೆಯಿಂದ ಅಡ್ಡ ಗೀರು ಎಳೆದು ಗುರುತು ಮಾಡಿಕೊಂಡು, ತುಂಡನ್ನು ಸುತ್ತಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದೆ.

ಚನ್ನಗಿರಿಯಲ್ಲಿ ಭಾನುವಾರ ಮ್ಯಾಟ್ನಿ. ಶನಿವಾರ ಸಂಜೆ ಮೇಷ್ಟ್ರು ಬಂದು ಕೇಳಿದರು. "ಸೀನು ಐತಲ್ರೀ?"

"ಐತೆ ಮೇಷ್ಟ್ರೆ. ಐದನೇ ರೀಲು. ನೀವು ಬರ್ರಿ ಸುಮ್ನೆ" ಅಂದೆ.

ಭಾನುವಾರ ಬೆಳಿಗ್ಗೆ ಡಬ್ಬ ತೆಗೆದು ಕೂರಬೇಕು ಅನ್ನುವಷ್ಟರಲ್ಲಿ ನನ್ನ ಗೆಳೆಯರಿಬ್ಬರು ಸೈಕಲ್ ತಂದರು. ಸೂಳೆಕೆರೆಯಲ್ಲಿ ಭರ್ತಿ ಮೀನು ಬಿದ್ದಿವೆ, ಅಲ್ಲೇ ಹುರಿದು ತಿನ್ನೋಣ ಅಂದರು. ಬಂದು ಅಂಟಿಸಿದರಾಯಿತು ಅಂತ ಹೊರಟೆ. ತಿಂದೆವು, ಕೆರೆ ಏರಿಯ ಮೇಲೆ ಮಲಗಿದೆವು. ಬರುವಾಗ ಸೈಕಲ್ ಪಂಚರ್ ಆಯಿತು. ಶೆಡ್ಡಿಗೆ ಬಂದಾಗ ಜನ ಕೂತಾಗಿತ್ತು. ಹೈಸ್ಕೂಲಿನ ಅರವತ್ತು ಹುಡುಗರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ನೆಲದಲ್ಲಿ ಸಾಲಾಗಿ ಕೂತಿದ್ದರು. ಹೆಂಗಸರ ಕಡೆ ಮೇಷ್ಟ್ರ ಹೆಂಡತಿ. ಕುರ್ಚಿಯಲ್ಲಿ ಹೆಡ್‌ಮಾಸ್ತರು, ಕಮಿಟಿ ಅಧ್ಯಕ್ಷರು, ಹೆಡ್‌ಮಾಸ್ತರು ಕರೆತಂದಿದ್ದ ತಹಸೀಲ್ದಾರರು. ಮೇಷ್ಟ್ರು ಒಗೆದ ಬಿಳಿ ಪ್ಯಾಂಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಎಲ್ಲರನ್ನೂ ಕೂರಿಸುತ್ತಿದ್ದರು, ಮದುವೆ ಮನೆಯ ಯಜಮಾನರ ಹಾಗೆ.

"ಎಲ್ಲಿ ಹಾಳಾಗಿ ಹೋಗಿದ್ದಲೇ, ಶುರು ಮಾಡು" ಅಂದರು ಸಾವ್ಕಾರ್ರು.

"ಹತ್ತು ನಿಮಿಷ ಕೊಡ್ರಿ, ಆ ತುಂಡು ಸೇರಿಸಿಬಿಡ್ತೀನಿ."

"ತಹಸೀಲ್ದಾರ್ರ ಎದುರಿಗೆ ಕತ್ತರಿ ತೋರ್ಸಾಕೆ ಹೊಂಟೀಯಾ? ಹಾಕು ಅಂದ್ರೆ ಹಾಕು."

ಹಾಕಿದೆ. ರೀಲು ಬದಲಿಸುವಾಗೊಮ್ಮೆ ನಿಲ್ಲಿಸಿ, ಮಿಷಿನ್ ಕೆಟ್ಟಿದೆ ಅಂತ ಸುಳ್ಳು ಹೇಳಿ ಅಂಟಿಸಬಹುದಿತ್ತು. ಆ ಧೈರ್ಯವೂ ನನ್ನಿಂದಾಗಲಿಲ್ಲ. ಐದನೇ ರೀಲು ಶುರುವಾಯಿತು. ಹೀರೋ ಚೆಂಡು ಕೈಯಲ್ಲಿ ಹಿಡಿದು ಅಂಗಳಕ್ಕಿಳಿದ. ಹುಡುಗರು ಉಸಿರು ಬಿಗಿಹಿಡಿದರು. ಪರದೆ ಮೇಲೆ ಒಂದು ಗೀರು ಹಾದುಹೋಯಿತು. ಮರುಗಳಿಗೆ ಹೀರೋ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದ, ಹುಡುಗಿಯರು ಮುತ್ತಿಕೊಂಡಿದ್ದರು.

ಒಂದು ಗಳಿಗೆ ಯಾರಿಗೂ ಏನಾಯಿತು ಅಂತ ಗೊತ್ತಾಗಲಿಲ್ಲ. ಆಮೇಲೆ ಬೆಂಚಿನಿಂದ ಒಂದು ದನಿ ಬಂತು. "ಮೇಷ್ಟ್ರೆ, ಯಾವಾಗ ಬಂದ್ರಿ, ಯಾವಾಗ ಹೋದ್ರಿ?"

ಇಡೀ ಶೆಡ್ಡು ನಕ್ಕಿತು. ಗಂಡಸರ ಕಡೆ, ಹೆಂಗಸರ ಕಡೆ, ಕುರ್ಚಿಯ ಕಡೆ. ನಗದಿದ್ದವರು ಆ ಅರವತ್ತು ಹುಡುಗರು ಮಾತ್ರ. ಮೇಷ್ಟ್ರು ಪರದೆ ನೋಡುವುದನ್ನು ಬಿಟ್ಟು ಹಿಂದಕ್ಕೆ ತಿರುಗಿ ನನ್ನ ಕ್ಯಾಬಿನ್ನಿನ ಕಿಂಡಿಯ ಕಡೆ ನೋಡಿದರು. ಬೆಳಕು ಅವರ ಕಣ್ಣಿಗೆ ಹೊಡೆಯುತ್ತಿತ್ತು. ಅವರಿಗೆ ನಾನು ಕಾಣುತ್ತಿರಲಿಲ್ಲ, ನನಗೆ ಅವರು ಕಾಣುತ್ತಿದ್ದರು.

ಸಿನಿಮಾ ಮುಗಿದ ಮೇಲೆ ಕ್ಯಾಬಿನ್ನಿನ ಮೆಟ್ಟಿಲ ಹತ್ತಿರ ಬಂದರು. ಹಿಂದೆ ಜನ. ಪಕ್ಕದಲ್ಲಿ ಸಾವ್ಕಾರ್ರು, ನಾಲ್ಕು ಮಾರು ದೂರದಲ್ಲಿ ತಹಸೀಲ್ದಾರರು ಜೀಪಿಗೆ ಹತ್ತುತ್ತಿದ್ದರು.

"ಆಪರೇಟ್ರೆ, ಐದನೇ ರೀಲಿನಾಗೆ ಒಂದು ಆಟ ಇತ್ತಲ್ರೀ?"

ಬೇರೇನೂ ಕೇಳಲಿಲ್ಲ. ಇತ್ತು ಅಂದಿದ್ದರೆ ಮುಗಿದಿತ್ತು. ಸಾವ್ಕಾರ್ರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಇಲ್ರೀ ಮೇಷ್ಟ್ರೆ. ಬಂದ ರೀಲು ಇಷ್ಟೇ" ಅಂದೆ.

"ನಿನ್ನೆ ಐತೆ ಅಂದ್ರಲ್ಲ?"

"ನಿಮಗೆ ಬ್ಯಾಸರ ಆಗಬಾರ್ದು ಅಂತ ಅಂದೆ."

ಹೇಗೆ ಬಂತೋ ಆ ಮಾತು ನನ್ನ ಬಾಯಿಗೆ. ಜನ ಮತ್ತೆ ನಕ್ಕರು. ಮೇಷ್ಟ್ರು, "ಆಯ್ತು ಬಿಡ್ರಿ" ಅಂದು ಹುಡುಗರನ್ನು ಸಾಲು ಮಾಡಿಸಿಕೊಂಡು ಹೊರಟರು. ಅವರ ಹೆಂಡತಿ ಜೊತೆಗೆ ಹೋಗಲಿಲ್ಲ. ಹತ್ತು ಹೆಜ್ಜೆ ಹಿಂದೆ, ಸೆರಗು ಮುಖಕ್ಕೆ ಹಿಡಿದುಕೊಂಡು ಹೋದರು.

ಮರುದಿನ ಪೇಟೆಯಲ್ಲಿ ಹೊಡೆದಾಟವಾಯಿತು. ಮೇಷ್ಟ್ರನ್ನು ಬೊಗಳೆ ಮೇಷ್ಟ್ರು ಅಂದವನ ಮೇಲೆ ಅವರ ಹುಡುಗನೊಬ್ಬ ಕಲ್ಲು ಎತ್ತಿ ಹಾಕಿದ, ತಲೆ ಒಡೆಯಿತು. ಅದರ ಮರುದಿನ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು ಮುಂದೆ ಬಂದು ನಿಂತು, "ನನ್ನ ಮಾತಿಗೆ ಯಾರೂ ಬಡಿದಾಡಬ್ಯಾಡ್ರಿ. ನಾನು ಆ ಸಿನಿಮಾದಾಗೆ ಇಲ್ಲ. ಮುಗೀತು" ಅಂದರಂತೆ. ಸುಳ್ಳೇನೂ ಹೇಳಲಿಲ್ಲ ನೋಡಿ ಅವರು. ಇಲ್ಲದಂತೆ ಮಾಡಿದವನು ನಾನು. ಆದರೆ ಊರು ಅದನ್ನು ತಪ್ಪೊಪ್ಪಿಗೆ ಅಂತಲೇ ತಿಳಿಯಿತು. ಅಂಗಳಕ್ಕೆ ಸಿಮೆಂಟು ಬೀಳಲಿಲ್ಲ. ತಂದೆತಾಯಿ ಹುಡುಗರನ್ನು ಆಟಕ್ಕೆ ಕಳಿಸುವುದು ಬಿಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಮೇಷ್ಟ್ರ ಮಾನ ಅಡಿಕೆಗೂ ಹೋಗಲಿಲ್ಲ, ನಾನು ತಿಂದ ಎರಡು ಹುರಿದ ಮೀನಿಗೆ ಹೋಯಿತು.

ಆ ತುಂಡನ್ನು ನಾನು ಇಟ್ಟುಕೊಳ್ಳಬಹುದಿತ್ತು. ಸಾವ್ಕಾರ್ರು, "ಸುಟ್ಟುಬಿಡು, ಯಾರ ಕೈಗಾದ್ರೂ ಸಿಕ್ರೆ ಲೈಸೆನ್ಸ್ ಹೋಗ್ತೈತೆ" ಅಂದರು. ಅವರು ನೋಡುತ್ತ ನಿಂತಿರಲಿಲ್ಲ, ಬಚ್ಚಿಟ್ಟಿದ್ದರೆ ಗೊತ್ತಾಗುತ್ತಿರಲಿಲ್ಲ. ನಾನೇ ಮನೆಗೆ ತಂದು ನೀರೊಲೆಗೆ ಹಾಕಿದೆ. ಅಮ್ಮಿ, "ಏನಿದು ಇಂಥ ಹೊಗೆ?" ಅಂತ ಕೆಮ್ಮಿದಳು. ಅಂಜಿದ ಮನುಷ್ಯನಿಗೆ ಯಾರೂ ಕಾವಲು ನಿಲ್ಲಬೇಕಾಗಿಲ್ಲ.

ಆ ವರ್ಷವೇ ಮೇಷ್ಟ್ರು ಕೇಳಿ ವರ್ಗ ಮಾಡಿಸಿಕೊಂಡು ಜಗಳೂರು ಕಡೆಗೆ ಹೋದರು. ಬಿಳಿಚೋಡಿನಲ್ಲಿ ಮನೆ ಮಾಡಿದರು. ಅಲ್ಲಿ ಕಂಬವನ್ನೂ ನೆಡಲಿಲ್ಲ, ಬಲೆಯನ್ನೂ ಕಟ್ಟಲಿಲ್ಲ, ಹುಡುಗರಿಗೆ ಕಬಡ್ಡಿ ಆಡಿಸುತ್ತಾರೆ ಅಂತ ಸುದ್ದಿ ಬಂತು. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಎಂಬತ್ತರ ದಶಕದ ನಡುವಿಗೆ ಟೆಂಟುಗಳೆಲ್ಲ ಎದ್ದುಹೋದವು. ನಾನು ಒಂದು ಕಲರ್ ಟೀವಿ, ಒಂದು ವೀಸಿಆರ್ ಇಟ್ಟುಕೊಂಡು ಮದುವೆಗೆ, ಗಣಪತಿ ಹಬ್ಬಕ್ಕೆ, ಉರುಸಿಗೆ ಬಾಡಿಗೆಗೆ ಒಯ್ಯತೊಡಗಿದೆ. ಒಂದು ದಿನ ದಾವಣಗೆರೆಯ ಕ್ಯಾಸೆಟ್ ಅಂಗಡಿಯಲ್ಲಿ ಅದೇ ಸಿನಿಮಾ ಕಂಡಿತು. ಸುಟ್ಟದ್ದು ಒಂದು ತುಂಡು, ಸಿನಿಮಾ ಎಲ್ಲೋ ಇಡಿಯಾಗಿ ಉಳಿದಿದೆ ಅನ್ನಿಸಿತು. ಒಂದು ದಿನದ ಬಾಡಿಗೆಗೆ ತಂದೆ. ಮೊದಲು ಹಾಕಿ ನೋಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಒಬ್ಬನೇ ನೋಡಲು ಧೈರ್ಯ ಸಾಲಲಿಲ್ಲ. ಭಾನುವಾರ ಬೆಳಿಗ್ಗೆ ಟೀವಿಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ಬಿಳಿಚೋಡಿಗೆ ಹೋದೆ.

ಮೇಷ್ಟ್ರ ತಲೆ ನರೆತಿತ್ತು. ನನ್ನನ್ನು ಕಂಡು ಎದ್ದು ಬಾಗಿಲಿಗೆ ಬಂದರು. ಆಮೇಲೆ, "ಬರ್ರಿ ಆಪರೇಟ್ರೆ, ಬಿಸಿಲಾಗೆ ಬಂದೀರಿ, ಮಜ್ಜಿಗೆ ಕುಡೀರಿ" ಅಂದರು. ನಾನು, "ಮೇಷ್ಟ್ರೆ, ನಿಮ್ಮ ಸಿನಿಮಾ ತಂದೀನಿ" ಅಂದೆ. ಒಳಗಿದ್ದ ಅವರ ಹೆಂಡತಿ, "ಯಾಕ್ರೀ ಈಗ ಅದೆಲ್ಲ" ಅಂದರು. ಮೇಷ್ಟ್ರು ಮಾತ್ರ ಚಾಪೆ ಹಾಸತೊಡಗಿದರು. ಟೀವಿ ಬಂದಿದೆ ಅಂತ ಅಕ್ಕಪಕ್ಕದವರು, ಶಾಲೆಯ ಹುಡುಗರು ಬಂದು ಕೂತರು.

ಹೀರೋ ಚೆಂಡು ಹಿಡಿದು ಅಂಗಳಕ್ಕಿಳಿದ. ಮೇಷ್ಟ್ರು ಮುಂದಕ್ಕೆ ಬಾಗಿದರು. ಟೀವಿಯ ಮೇಲೆ ಒಂದು ಅಡ್ಡ ಗೀರು ಮಿಂಚಿ ಹೋಯಿತು. ಹೀರೋ ಟವೆಲ್ಲಿನಿಂದ ಬೆವರು ಒರೆಸಿಕೊಂಡ.

ಅದು ನನ್ನ ಗೀರು. ನನ್ನ ಮೊಳೆಯ ಗೀರು. ಓಡದ ಸಿನಿಮಾಕ್ಕೆ ಉಳಿದಿದ್ದ ಒಂದೇ ಒಂದು ಪ್ರತಿ ನಾವು ವಾಪಸ್ ಕಳಿಸಿದ್ದು. ಅದರಿಂದಲೇ ಕ್ಯಾಸೆಟ್ ಮಾಡಿದ್ದರು. ಬಿಳಿಚೋಡಿನವರಿಗೆ ಏನೂ ಗೊತ್ತಾಗಲಿಲ್ಲ, ಮುಂದಿನ ಹಾಡಿಗೆ ಕಾದು ಕೂತರು. ಮೇಷ್ಟ್ರ ಹೆಂಡತಿ ಎದ್ದು ಒಳಗೆ ಹೋದರು. ಮೇಷ್ಟ್ರು ಟೀವಿ ನೋಡುತ್ತಲೇ ಇದ್ದರು. ನಾನು ವೀಸಿಆರ್ ಆರಿಸಿದೆ.

ಹೇಳಿದೆ. ಅಷ್ಟು ಜನರ ಎದುರಿಗೇ ಹೇಳಿದೆ. ಹೊನ್ನಾಳಿಯ ಸಿಳ್ಳೆ, ನ್ಯಾಮತಿಯ ಬೀಡಿ, ಕತ್ತರಿ, ಸೂಳೆಕೆರೆ, ನಾನು ಹೇಳಿದ ಸುಳ್ಳು, ನೀರೊಲೆ, ಒಂದನ್ನೂ ಬಿಡದೆ ಹೇಳಿದೆ. ಮೇಷ್ಟ್ರು ತಲೆ ತಗ್ಗಿಸಿ ಕೇಳಿದರು. ನಾನು ಮುಗಿಸಿದ ಮೇಲೆ, "ಮೀನು ಚೆನ್ನಾಗಿದ್ವಾ?" ಅಂತ ಕೇಳಿದರು. ಚುಚ್ಚಿ ಕೇಳಿದ್ದಲ್ಲ. ಬೇರೆ ಏನು ಕೇಳಬೇಕೋ ಅವರಿಗೆ ತೋಚಲಿಲ್ಲ ಅಂತ ಕಾಣುತ್ತದೆ.

ಅವರ ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು. "ಹಂಗಾರೆ ಅದು ಇತ್ತೇನ್ರೀ?"

"ಇತ್ತಮ್ಮ."

"ಅವತ್ತು ಹೆಂಗಸ್ರ ಕಡೆ ಎಲ್ರೂ ನಗ್ತಿದ್ರು. ಎಲ್ಲಿ ನನ್ನ ಮಖ ನೋಡ್ತಾರೋ ಅಂತ ನಾನೂ ನಕ್ಕುಬಿಟ್ಟೆ" ಅಂದರು. ನನಗೆ ಹೇಳಿದರೋ ಮೇಷ್ಟ್ರಿಗೆ ಹೇಳಿದರೋ ಗೊತ್ತಾಗಲಿಲ್ಲ.

"ಅದಿರ್ಲಿ ಬಿಡು" ಅಂದು ಮೇಷ್ಟ್ರು ನನ್ನ ಕಡೆ ತಿರುಗಿದರು. ದನಿ ಬದಲಾಗಿತ್ತು. "ನಾನು ಅದನ್ನ ನೋಡೇ ಇಲ್ಲ ಆಪರೇಟ್ರೆ. ಇವಳೂ ನೋಡಿಲ್ಲ. ಇನ್ನು ನೋಡಾಕೂ ಆಗಲ್ಲ. ನೀವು ಒಬ್ರೇ ನೋಡೀರಿ. ಹೆಂಗಿತ್ರೀ? ಹೇಳ್ರಿ ಇವಳಿಗೆ."

ಆಪರೇಟರ್ ಆದವನು ಜನರ ಹಾಗೆ ಸಿನಿಮಾ ನೋಡುವುದಿಲ್ಲ. ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಕಣ್ಣು ಮಿಷಿನ್ನಿನ ಬೆಳಕಿಗಾಗಿ ಉರಿಯುವ ಕಾರ್ಬನ್ ಕಡ್ಡಿಗಳ ಮೇಲೆ, ಸುತ್ತುವ ರೀಲಿನ ಮೇಲೆ ಇರುತ್ತದೆ. ಸಿಳ್ಳೆ ಬಿದ್ದಾಗ ಒಮ್ಮೆ ಕಿಂಡಿಯಲ್ಲಿ ಇಣುಕುತ್ತೇವೆ, ಪರದೆಯನ್ನಲ್ಲ, ಜನರನ್ನು ನೋಡಲು. ಆ ಐದನೇ ರೀಲನ್ನು ನಾನು ಹೊನ್ನಾಳಿಯಲ್ಲಿ ವಾರವೆಲ್ಲ ಓಡಿಸಿದ್ದೆ, ನ್ಯಾಮತಿಯಲ್ಲೂ ಓಡಿಸಿದ್ದೆ. ಮೇಷ್ಟ್ರ ಸೀನು ಇದರಲ್ಲಿದೆ ಅಂತ ಗೊತ್ತಿದ್ದೂ ಒಂದು ಸಲವೂ ತಲೆ ಎತ್ತಿ ನೋಡಿರಲಿಲ್ಲ. ಕತ್ತರಿಸುವಾಗ ಶುರು ಎಲ್ಲಿ, ಕೊನೆ ಎಲ್ಲಿ ಅಂತ ಮಾತ್ರ ಬೆಳಕಿಗೆ ಹಿಡಿದು ನೋಡಿದ್ದೆ.

ಗಂಡ ಹೆಂಡತಿ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಭಾಳ ಚೆಂದ ಇತ್ತಮ್ಮ" ಅಂದೆ.

"ಚೆಂಡು ರಿಂಗಿಗೆ ತಾಕ್ತಾ, ಸೀದಾ ಬಿತ್ತಾ?" ಮೇಷ್ಟ್ರು ಕೇಳಿದರು.

"ತಾಕ್ಲೇ ಇಲ್ಲ ಮೇಷ್ಟ್ರೆ. ಸೀದಾ ಬಿತ್ತು."

"ಕೇಳಿದ್ಯಾ? ತಾಕಿಲ್ಲ" ಅಂತ ಹೆಂಡತಿಗೆ ಹೇಳಿದರು. "ನಾನು ಬಿದ್ದು ಎದ್ದಾಗ ಮಖ ಕಾಣ್ತಿತ್ತಾ?"

"ಪೂರ್ತಿ ಕಾಣ್ತಿತ್ತು."

ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನಗೆ ಹೋಳಿಗೆ ಮಾಡಿ ಬಡಿಸಿದರು. ನಾನು ಕೂತು ತಿಂದೆ. ಹೊರಡುವಾಗ ಮೇಷ್ಟ್ರು ಬಸ್ಸಿನ ತನಕ ಟೀವಿ ಹೊತ್ತು ತಂದರು, ಬೇಡವೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಎದುರು ಸಿಕ್ಕವರಿಗೆಲ್ಲ, "ಇವರು ನೋಡ್ಯಾರೆ, ಕಣ್ಣಾರೆ ನೋಡ್ಯಾರೆ" ಅಂತ ನನ್ನನ್ನು ತೋರಿಸಿದರು. ಮರುವರ್ಷ ಬಿಳಿಚೋಡಿನ ಶಾಲೆಯಲ್ಲಿ ಎರಡು ಕಂಬ ನೆಟ್ಟರು ಅಂತ ಕೇಳಿದೆ.

ಮೊನ್ನೆ ಅವರ ತಿಥಿಗೆ ಹೋಗಿದ್ದೆ. ಊಟವಾದ ಮೇಲೆ ಆ ತಾಯಿ ನನ್ನನ್ನು ನಡುಮನೆಗೆ ಕರೆದು ಕೂರಿಸಿದರು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಸುತ್ತ ಕೂತರು. "ನಿಮ್ಮ ತಾತ ಆಡಿದ್ದನ್ನ ನೋಡಿದೋರು ಲೋಕದಾಗೆ ಇವರೊಬ್ರೇ. ಕೇಳ್ಕೊಳ್ರಿ" ಅಂದರು. ನಿಜ ಹೇಳಿಬಿಡಬೇಕು ಅಂತಲೇ ಚನ್ನಗಿರಿಯಿಂದ ಹೊರಟಿದ್ದೆ. ಚಿಕ್ಕ ಮೊಮ್ಮಗಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಎದ್ದಾಗ ತಾತ ನಗ್ತಿದ್ರಾ?" ಅಂತ ಕೇಳಿತು.

"ನಗ್ತಿದ್ರು ಕಣವ್ವ" ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಅಂಗಿಯ ಬಣ್ಣ ಹೇಳಿದೆ, ಚೆಂಡು ಹೋದ ದಾರಿ ಹೇಳಿದೆ, ಕೈ ಎತ್ತಿ ಎಸೆದು ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದವು.